ಅರವತ್ನಾಲ್ಕು ಕಾಲು, ನೂರೆಂಟು ಕೆಲಸ

ಮೈಕ್ರೋಕಂಟ್ರೋಲರ್ ಹಿಡಿದವರೆಲ್ಲ ಮೊದಲು ಮಾಡುವ ಕೆಲಸ ಒಂದು ಎಲ್‌ಇಡಿಯನ್ನು ಮಿನುಗಿಸುವುದು. ಅರ್ಧ ಸೆಕೆಂಡು ಉರಿಯಬೇಕು, ಅರ್ಧ ಸೆಕೆಂಡು ಆರಬೇಕು, ಅಷ್ಟೇ. ಸೆಕೆಂಡಿಗೆ 8.4 ಕೋಟಿ ಸಲ ಮಿಡಿಯಬಲ್ಲ ಚಿಪ್‌ಗೆ ಇಂಥ ಕೆಲಸ ಹೇಳುವುದು ನಗೆಪಾಟಲು ಎನ್ನಿಸಬಹುದು. ಆದರೆ ಆ ದೀಪ ಒಂದು ಸಲ ಮಿನುಗಬೇಕಾದರೂ ಅದಕ್ಕೆ ಮೊದಲು ಮೂರು ಸಂಗತಿ ತೀರ್ಮಾನವಾಗಿರಬೇಕು. ದೀಪಕ್ಕೆ ಸೇರಿದ ಪಿನ್ನು ಯಾವ ಕೆಲಸಕ್ಕೆ ನಿಂತಿದೆ? ಆ ಪಿನ್ನನ್ನು ನೋಡಿಕೊಳ್ಳುವ ಭಾಗಕ್ಕೆ ಕ್ಲಾಕ್ ಎಂಬ ಆ ಮಿಡಿತ ತಲುಪಿದೆಯೇ? ಅರ್ಧ ಸೆಕೆಂಡು ಆಯಿತೆಂದು ಎಣಿಸಿ ಹೇಳುವವರು ಯಾರು?

ಆರ್ಡುಯಿನೊ ಬೋರ್ಡಿನಲ್ಲಿ ಈ ಮೂರಕ್ಕೂ ಬೇರೆ ಯಾರೋ ಮೊದಲೇ ಉತ್ತರ ಬರೆದಿಟ್ಟಿರುತ್ತಾರೆ. ಹದಿಮೂರನೇ ಪಿನ್ ಹೊತ್ತಿಸು ಎಂದರೆ ಹೊತ್ತುತ್ತದೆ. ಕಲಿಯುವವರಿಗೆ ಅದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಒಂದು ದಿನ ಎರಡು ಸೆನ್ಸರ್, ಒಂದು ಮೋಟಾರು, ಒಂದು ಡಿಸ್‌ಪ್ಲೇ ಎಲ್ಲವನ್ನೂ ಒಟ್ಟಿಗೆ ನಡೆಸಹೊರಟಾಗ ಆ ಬೇರೆ ಯಾರೋ ಬರೆದಿಟ್ಟ ಉತ್ತರಗಳು ಅಡ್ಡಬರುತ್ತವೆ. ಆಗ ಬೇಕಾಗುವುದು ಕಾನ್ಫಿಗರೇಶನ್ ಟೂಲ್. ನಿಮ್ಮ ಪರವಾಗಿ ಕೋಡ್ ಬರೆದುಕೊಡುತ್ತೇನೆ ಎಂದು ಈ ತಂತ್ರಾಂಶಗಳು ತಮ್ಮನ್ನು ಮಾರಿಕೊಳ್ಳುತ್ತವೆ. ನನ್ನ ಮಟ್ಟಿಗೆ ಆ ಕೋಡು ಎರಡನೆಯ ಮಾತು. ಸಾವಿರಕ್ಕೂ ಮಿಕ್ಕಿದ ಪುಟಗಳ ಕೈಪಿಡಿಗಳಲ್ಲಿ ಹುದುಗಿರುವ ಚಿಪ್‌ನ ಒಳರಚನೆಯನ್ನು ಒಂದು ಪರದೆಯ ಮೇಲೆ ಬಿಡಿಸಿ ತೋರಿಸುತ್ತವಲ್ಲ, ಬೆಲೆ ಇರುವುದು ಅದಕ್ಕೆ.

ಹಿಂದಿನ ಕಥೆಯನ್ನು ಬೇಗ ಮುಗಿಸೋಣ. ಪ್ರೊಸೆಸರ್, ಮೆಮೊರಿ, ಹೊರಲೋಕದೊಡನೆ ವ್ಯವಹರಿಸುವ ಪಿನ್ನುಗಳು ಇವೆಲ್ಲವನ್ನೂ ಒಂದೇ ಸಿಲಿಕಾನ್ ತುಣುಕಿಗೆ ಇಳಿಸುವ ಕೆಲಸವನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಗ್ಯಾರಿ ಬೂನ್ ಮತ್ತು ಮೈಕೆಲ್ ಕಾಕ್ರನ್ 1971ರಲ್ಲಿ ಮಾಡಿದರು. 1974ರಲ್ಲಿ ಟಿಎಂಎಸ್1000 ಎಂಬ ಹೆಸರಿನಲ್ಲಿ ಆ ಬಗೆಯ ಚಿಪ್ ಮಾರುಕಟ್ಟೆಗೆ ಬಂತು. (ಇದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು ಊರಿನ ಹಣೆಬರಹವನ್ನೇ ಬದಲಿಸಿತು.) 1980ರಲ್ಲಿ ಇಂಟೆಲ್‌ನ 8051 ಬಂತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಷ್ಟೋ ತಲೆಮಾರುಗಳು ಮೈಕ್ರೋಕಂಟ್ರೋಲರ್ ಕಲಿತದ್ದು ಅದರಲ್ಲೇ. ಅಳಿಸಿ ಬರೆಯಬಹುದಾದ ಆ ಕಾಲದ ಚಿಪ್‌ಗಳ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತಿತ್ತು. ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಕಂಡರೆ ಚಿಪ್ ಕಿತ್ತು, ನೇರಳಾತೀತ ದೀಪದ ಕೆಳಗೆ ಹತ್ತಿಪ್ಪತ್ತು ನಿಮಿಷ ಇಟ್ಟು, ಅಳಿಸಿ, ಮತ್ತೆ ಬರೆಯಬೇಕಿತ್ತು. 1993ರಲ್ಲಿ ಬಂದ ಮೈಕ್ರೋಚಿಪ್ ಕಂಪನಿಯ ಪಿಐಸಿ16ಸಿ84 ವಿದ್ಯುತ್ತಿನಿಂದಲೇ ಅಳಿಸಿ ಬರೆಯುವ ಮೆಮೊರಿ ಇಟ್ಟುಕೊಂಡು ಆ ದೀಪದ ಕಾಟ ತಪ್ಪಿಸಿತು. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯಿಂದ ಆರ್ಡುಯಿನೊ ಹೊರಬಂದ ಮೇಲೆ ಎಂಜಿನಿಯರ್ ಅಲ್ಲದವರೂ ಈ ಅಂಗಳಕ್ಕೆ ಕಾಲಿಟ್ಟರು.

ಈ ಅಧ್ಯಾಯಕ್ಕೆ ನಾನು ಆರಿಸಿಕೊಂಡಿರುವುದು ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯ ನ್ಯೂಕ್ಲಿಯೊ-ಎಫ್401ಆರ್‌ಇ ಎಂಬ ಬೋರ್ಡನ್ನು. ಕಂಪನಿ 1987ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಎರಡು ಸಂಸ್ಥೆಗಳು ಕೂಡಿ ಆದದ್ದು. ಅದರ ಎಸ್‌ಟಿಎಂ32 ಎಂಬ ಚಿಪ್ ಕುಟುಂಬ ಶುರುವಾದದ್ದು 2007ರಲ್ಲಿ. ನ್ಯೂಕ್ಲಿಯೊ ಬೋರ್ಡುಗಳೂ ಕ್ಯೂಬ್‌ಎಂಎಕ್ಸ್ ಎಂಬ ಕಾನ್ಫಿಗರೇಶನ್ ಟೂಲೂ ಬಂದದ್ದು 2014ರಲ್ಲಿ. ಇದಕ್ಕಿಂತ ಅಗ್ಗದವು ಇಲ್ಲವೆಂದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬ್ಲೂ ಪಿಲ್ ಎಂಬ ಹೆಸರಿನ ನೀಲಿ ಪುಟಾಣಿ ಬೋರ್ಡು ಇದರ ಕಾಲು ಭಾಗದಷ್ಟು ಬೆಲೆಗೂ ಸಿಕ್ಕೀತು. ಹೊಸಬರಿಗೆ ಅದು ಬೇಡ ಎಂಬುದು ನನ್ನ ಸಲಹೆ. ಅದರ ಮೇಲೆ ಡಿಬಗ್ಗರ್ ಇಲ್ಲ. ಚಿಪ್ ಅಸಲಿಯೋ ನಕಲಿಯೋ ಎಂಬ ಖಾತರಿಯೂ ಇಲ್ಲ. ಪ್ರೋಗ್ರಾಮು ನಡೆಯದಿದ್ದಾಗ ತಪ್ಪು ನಿಮ್ಮದೋ ಚಿಪ್‌ನದೋ ಎಂಬ ಸಂಶಯವನ್ನು ಮೊದಲ ವಾರದಲ್ಲೇ ಹೊತ್ತುಕೊಳ್ಳುವುದೇಕೆ?

ನ್ಯೂಕ್ಲಿಯೊ ಬೋರ್ಡನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಕಾಲು ಭಾಗಕ್ಕೂ ಕೆಳಗಿನ ಮುಕ್ಕಾಲು ಭಾಗಕ್ಕೂ ನಡುವೆ ಕೊರೆದ ಸೀಳು ಕಾಣುತ್ತದೆ. ಮೇಲಿನ ತುಂಡು ಎಸ್‌ಟಿ-ಲಿಂಕ್. ಅಂದರೆ ಕೆಳಗಿನ ಚಿಪ್‌ಗೆ ಪ್ರೋಗ್ರಾಮು ಬರೆಯುವ, ಬೇಕೆಂದಾಗ ಅದನ್ನು ನಿಲ್ಲಿಸಿ ಒಳಗೇನಿದೆ ಎಂದು ನೋಡುವ ಡಿಬಗ್ಗರ್. ಅದರೊಳಗೂ ಇರುವುದು ಇನ್ನೊಂದು ಎಸ್‌ಟಿಎಂ32 ಚಿಪ್ಪೇ. ಹಾಗಾಗಿ ಒಂದು ಬೋರ್ಡಿನ ದುಡ್ಡಿಗೆ ಎರಡು ಮೈಕ್ರೋಕಂಟ್ರೋಲರ್ ಬಂದ ಹಾಗಾಯಿತು. ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರಿಗೆ ಏಕಕಾಲಕ್ಕೆ ಮೂರು ಸಾಧನ ಕಾಣಿಸುತ್ತವೆ: ಡಿಬಗ್ಗರ್, ಒಂದು ಸೀರಿಯಲ್ ಪೋರ್ಟ್, ಮತ್ತೆ ಪೆನ್ ಡ್ರೈವ್‌ನಂಥ ಒಂದು ಡ್ರೈವ್. ಸಿದ್ಧವಾದ ಬೈನರಿ ಕಡತವನ್ನು ಆ ಡ್ರೈವ್‌ಗೆ ಎಳೆದು ಹಾಕಿದರೂ ಚಿಪ್‌ಗೆ ಬರೆದುಕೊಳ್ಳುತ್ತದೆ. ಕೇಬಲ್ ವಿಚಾರದಲ್ಲಿ ಒಂದು ಎಚ್ಚರ: ಈ ಬೋರ್ಡಿಗೆ ಬೇಕಾದದ್ದು ಈಗ ಅಪರೂಪವಾಗುತ್ತಿರುವ ಮಿನಿ-ಬಿ ಮಾದರಿ. ಮನೆಯ ಡ್ರಾಯರಿನಲ್ಲಿ ಸಿಗುವ ಹಳೆಯ ಕೇಬಲ್‌ಗಳಲ್ಲಿ ಕೆಲವಕ್ಕೆ ವಿದ್ಯುತ್ತಿನ ತಂತಿ ಮಾತ್ರ ಇರುತ್ತದೆ, ದತ್ತಾಂಶದ ತಂತಿ ಇರುವುದಿಲ್ಲ. ಬೋರ್ಡಿನ ಕೆಂಪು ದೀಪ ಹೊತ್ತಿದರೂ ಕಂಪ್ಯೂಟರ್ ಅದನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಡ್ರೈವರ್ ಹುಡುಕುವ ಕೆಲಸ ಆಮೇಲೆ.

ಚಿಪ್‌ನ ಹೆಸರಿನ ಕೊನೆಯ ಎರಡು ಅಕ್ಷರಗಳನ್ನು ಓದಲು ಕಲಿತರೆ ಒಳ್ಳೆಯದು. ಆರ್ ಎಂದರೆ 64 ಪಿನ್, ಇ ಎಂದರೆ 512 ಕಿಲೋಬೈಟ್ ಫ್ಲ್ಯಾಶ್ ಮೆಮೊರಿ. ಇದರ ಜೊತೆಗೆ 96 ಕಿಲೋಬೈಟ್ ರ‍್ಯಾಮ್. ಆರ್ಡುಯಿನೊ ಊನೊ ಬೋರ್ಡಿನ ಚಿಪ್‌ನಲ್ಲಿ ಇವು ಕ್ರಮವಾಗಿ 32 ಮತ್ತು 2 ಕಿಲೋಬೈಟ್.

ಕ್ಯೂಬ್‌ಎಂಎಕ್ಸ್ ತೆರೆದೊಡನೆ ಅದು ಕೇಳುವುದು: ಚಿಪ್ ಆರಿಸಿಕೊಳ್ಳುತ್ತೀರೋ, ಬೋರ್ಡ್ ಆರಿಸಿಕೊಳ್ಳುತ್ತೀರೋ? ಚಿಪ್ ಎಂದರೆ ಖಾಲಿ ನಕ್ಷೆ ಕೊಡುತ್ತದೆ. ಬೋರ್ಡ್ ಎಂದರೆ ಆ ಬೋರ್ಡಿನಲ್ಲಿ ಯಾವ ಪಿನ್ನಿಗೆ ಏನು ಬೆಸೆದಿದ್ದಾರೆ ಎಂಬುದು ಟೂಲ್‌ಗೆ ಗೊತ್ತು. ಎಲ್ಲವನ್ನೂ ರೂಢಿಯ ಸ್ಥಿತಿಗೆ ಹೊಂದಿಸಲೇ ಎಂದು ಮತ್ತೊಮ್ಮೆ ಕೇಳುತ್ತದೆ. ಮೊದಲ ಸಲ ಹೂಂ ಅನ್ನಿ. ಪರದೆಯ ನಡುವೆ ಒಂದು ಚೌಕ ಮೂಡುತ್ತದೆ, ನಾಲ್ಕೂ ಬದಿಯಲ್ಲಿ ಹದಿನಾರು ಹದಿನಾರು ಕಾಲುಗಳು. ಕೆಲವು ಆಗಲೇ ಹಸಿರಾಗಿರುತ್ತವೆ: ಪಿಎ5ರಲ್ಲಿ ಹಸಿರು ಎಲ್‌ಇಡಿ, ಪಿಸಿ13ರಲ್ಲಿ ನೀಲಿ ಗುಂಡಿ, ಪಿಎ2 ಮತ್ತು ಪಿಎ3ರಲ್ಲಿ ಎಸ್‌ಟಿ-ಲಿಂಕ್ ಮೂಲಕ ಕಂಪ್ಯೂಟರಿಗೆ ಹೋಗುವ ಸೀರಿಯಲ್ ತಂತಿ.

ಅರವತ್ನಾಲ್ಕರಲ್ಲಿ ನಮ್ಮ ಬಳಕೆಗೆ ಸಿಗುವ ಕಾಲುಗಳು 50. ಉಳಿದವು ವಿದ್ಯುತ್ತು, ಗ್ರೌಂಡ್, ರೀಸೆಟ್ ಮುಂತಾದವಕ್ಕೆ ಮೀಸಲು. ಈ ಐವತ್ತಕ್ಕೆ ಬೇಡಿಕೆ ಇಡುವವರ ಪಟ್ಟಿ ಮಾತ್ರ ದೊಡ್ಡದು. ಒಳಗೆ ಸೀರಿಯಲ್ ಸಂವಹನದ ಯುಸಾರ್ಟ್ ಘಟಕ ಮೂರು, ಸೆನ್ಸರ್‌ಗಳೊಡನೆ ಮಾತಾಡುವ ಐ2ಸಿ ಮೂರು, ವೇಗದ ಎಸ್‌ಪಿಐ ಘಟಕಗಳು, ಯುಎಸ್‌ಬಿ, ವೋಲ್ಟೇಜನ್ನು ಅಂಕಿಯಾಗಿಸುವ 12 ಬಿಟ್‌ನ ಎಡಿಸಿ, ಹಲವು ಟೈಮರ್‌ಗಳು ಇವೆ. ಸಿಲಿಕಾನ್ ಒಳಗೆ ಇನ್ನೊಂದು ಘಟಕ ಸೇರಿಸುವುದು ಅಗ್ಗ. ಹೊರಗೆ ಇನ್ನೊಂದು ಕಾಲು ಸೇರಿಸುವುದು ದುಬಾರಿ. ಆದ್ದರಿಂದ ವಿನ್ಯಾಸಕರು ಪ್ರತಿ ಕಾಲಿಗೂ ಒಂದು ಆಯ್ಕೆಯ ಸ್ವಿಚ್ಚು ಇಟ್ಟಿದ್ದಾರೆ. ಅದಕ್ಕೆ 0ರಿಂದ 15ರವರೆಗೆ ಸ್ಥಾನಗಳು. ಪಿಎ2ರ ಸ್ವಿಚ್ಚನ್ನು 7ಕ್ಕೆ ತಿರುಗಿಸಿದರೆ ಅದು ಎರಡನೇ ಯುಸಾರ್ಟ್‌ನ ಬಾಯಿ. ಯಾವ ಕಾಲಿನಲ್ಲಿ ಯಾವ ಸಂಖ್ಯೆಗೆ ಯಾವ ಕೆಲಸ ಎಂಬ ಕೋಷ್ಟಕ ಡೇಟಾಶೀಟಿನಲ್ಲಿ ಪುಟಗಟ್ಟಲೆ ಸಾಗುತ್ತದೆ.

ಪಿಎ5ರ ಮೇಲೆ ಕ್ಲಿಕ್ ಮಾಡಿ ನೋಡಿ. ಬರಿಯ ಔಟ್‌ಪುಟ್ ಆಗಬಲ್ಲದು, ಇನ್‌ಪುಟ್ ಆಗಬಲ್ಲದು, ಎಡಿಸಿಯ ಐದನೇ ಚಾನೆಲ್, ಮೊದಲ ಎಸ್‌ಪಿಐಯ ಕ್ಲಾಕ್ ತಂತಿ, ಎರಡನೇ ಟೈಮರ್‌ನ ಮೊದಲ ಚಾನೆಲ್ ಎಲ್ಲವೂ ಆಗಬಲ್ಲದು. ಒಂದು ಹೊತ್ತಿಗೆ ಒಂದೇ. ಈಗ ಯಾರೋ ಒಂದು ಎಸ್‌ಪಿಐ ಡಿಸ್‌ಪ್ಲೇ ತಂದು ಆರ್ಡುಯಿನೊ ಮಾದರಿಯ ಸಾಕೆಟ್ಟಿಗೆ ಕೂರಿಸಿದರೆನ್ನಿ. ಆ ಸಾಕೆಟ್ಟಿನ ಹದಿಮೂರನೇ ತೂತು ಪಿಎ5ಕ್ಕೇ ಬರುತ್ತದೆ. ಎಲ್‌ಇಡಿಗೂ ಡಿಸ್‌ಪ್ಲೇಗೂ ಜಗಳ. ಕೈಯಿಂದ ಕೋಡ್ ಬರೆಯುವವರಿಗೆ ಈ ಜಗಳ ಗೊತ್ತಾಗುವುದು ಡಿಸ್‌ಪ್ಲೇ ಕಪ್ಪಾಗಿ ಕೂತ ಮೇಲೆ. ಟೂಲ್‌ನಲ್ಲಾದರೆ ಎಸ್‌ಪಿಐ ಸಾಲಿನ ಪಕ್ಕದಲ್ಲಿ ತಕ್ಷಣ ಎಚ್ಚರಿಕೆಯ ಗುರುತು ಬೀಳುತ್ತದೆ. ಇದೇ ಕೆಲಸಕ್ಕೆ ಪಿಬಿ3 ಕೂಡ ಆದೀತು ಎಂಬುದನ್ನೂ ಅದು ತೋರಿಸಬಲ್ಲದು.

ಪಿನ್ನುಗಳದು ಕಣ್ಣಿಗೆ ಕಾಣುವ ಲೆಕ್ಕ. ಕ್ಲಾಕ್‌ನದು ಕಾಣದ ಲೆಕ್ಕ. ಹೊಸಬರು ಎಡವುವುದೂ ಹೆಚ್ಚಾಗಿ ಇಲ್ಲೇ. ಟೂಲ್‌ನ ಎರಡನೇ ಪುಟ ತೆರೆದರೆ ಎಡದಿಂದ ಬಲಕ್ಕೆ ಕವಲೊಡೆಯುವ ಒಂದು ನಕ್ಷೆ ಹರಡಿಕೊಳ್ಳುತ್ತದೆ. ಅಣೆಕಟ್ಟಿನ ನೀರು ಮುಖ್ಯ ನಾಲೆಗೆ ಬಂದು, ಉಪನಾಲೆಗಳಾಗಿ ಸೀಳಿ, ಕೊನೆಗೆ ಒಂದೊಂದು ಗದ್ದೆಯ ಬಾಯಲ್ಲಿ ಒಂದೊಂದು ತೂಬು ಇರುತ್ತದಲ್ಲ, ಚಿಪ್‌ನೊಳಗೆ ಕ್ಲಾಕ್ ಹರಿಯುವುದೂ ಹಾಗೇ. ಚಿಪ್‌ಗೆ ವಿದ್ಯುತ್ ಕೊಟ್ಟ ಗಳಿಗೆಯಲ್ಲಿ ಬಹುಪಾಲು ತೂಬುಗಳು ಮುಚ್ಚಿರುತ್ತವೆ. ಇದು ಜಿಪುಣತನಕ್ಕಾಗಿಯೇ ಮಾಡಿದ ಏರ್ಪಾಡು. ಈ ಬಗೆಯ ಸರ್ಕಿಟ್‌ನಲ್ಲಿ ಟ್ರಾನ್ಸಿಸ್ಟರ್‌ಗಳು ಮುಖ್ಯವಾಗಿ ವಿದ್ಯುತ್ ಕುಡಿಯುವುದು ಸ್ಥಿತಿ ಬದಲಿಸುವಾಗ. ಕ್ಲಾಕ್ ಬರದ ಘಟಕ ಅಲುಗಾಡುವುದಿಲ್ಲ, ಹೆಚ್ಚೇನೂ ಕುಡಿಯುವುದೂ ಇಲ್ಲ. ಒಂದು ಗುಂಡಿ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುವ ಉಪಕರಣಗಳು ಸಾಧ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ತೊಂದರೆ ಏನೆಂದರೆ, ತೂಬು ಮುಚ್ಚಿದ ಘಟಕಕ್ಕೆ ನೀವು ಆಜ್ಞೆ ಕೊಟ್ಟರೆ ಅದು ಇಲ್ಲ ಎನ್ನುವುದಿಲ್ಲ. ಬರೆದ ಬೆಲೆ ಎಲ್ಲೂ ದಾಖಲಾಗದೆ ಹೋಗುತ್ತದೆ, ಪ್ರೋಗ್ರಾಮು ಮುಂದಿನ ಸಾಲಿಗೆ ಸಾಗುತ್ತದೆ, ದೋಷದ ಸಂದೇಶ ಬರುವುದಿಲ್ಲ. ಕಂಪೈಲರ್‌ಗೂ ಇದು ತಿಳಿಯುವ ಸಂಗತಿ ಅಲ್ಲ. ಕೋಡನ್ನು ಎಷ್ಟು ಸಲ ಓದಿದರೂ ಸರಿಯಾಗಿಯೇ ಕಾಣುತ್ತದೆ, ದೀಪ ಮಾತ್ರ ಹೊತ್ತುವುದಿಲ್ಲ.

ಈಗ 84 ಮೆಗಾಹರ್ಟ್ಸ್ ಎಲ್ಲಿಂದ ಬಂತು ನೋಡೋಣ. ಈ ಚಿಪ್‌ನೊಳಗೆ ಹುಟ್ಟಿನಿಂದಲೇ 16 ಮೆಗಾಹರ್ಟ್ಸ್‌ನ ಆಂದೋಲಕ ಇದೆ. ಬೋರ್ಡಿನ ರೂಢಿಯ ಹೊಂದಾಣಿಕೆಯಲ್ಲಿ ಅದನ್ನು ಮೊದಲು 16ರಿಂದ ಭಾಗಿಸಿ 1 ಮಾಡುತ್ತಾರೆ, ಪಿಎಲ್‌ಎಲ್ ಎಂಬ ಸರ್ಕಿಟ್‌ನಲ್ಲಿ 336ರಿಂದ ಗುಣಿಸುತ್ತಾರೆ, ಬಳಿಕ 4ರಿಂದ ಭಾಗಿಸುತ್ತಾರೆ. 84 ಬಂತು. ಇಷ್ಟೆಲ್ಲ ಸುತ್ತು ಬಳಸುವುದೇಕೆ, 336 ಎಂಬ ವಿಚಿತ್ರ ಸಂಖ್ಯೆ ಏಕೆ? ಯುಎಸ್‌ಬಿ ಘಟಕಕ್ಕೆ ಕರಾರುವಾಕ್ಕಾಗಿ 48 ಮೆಗಾಹರ್ಟ್ಸ್ ಬೇಕು; ಪ್ರೊಸೆಸರ್‌ಗೆ ಗರಿಷ್ಠ ಮಿತಿ 84. ಎರಡನ್ನೂ ಒಂದೇ ಮೂಲದಿಂದ ಪೂರ್ಣಾಂಕದ ಭಾಗಾಕಾರದಲ್ಲೇ ಪಡೆಯಬೇಕು. 84 ಮತ್ತು 48ರ ಲ.ಸಾ.ಅ. ಎಷ್ಟು? 336. ನಾಲ್ಕರಿಂದ ಭಾಗಿಸಿದರೆ ಒಂದು, ಏಳರಿಂದ ಭಾಗಿಸಿದರೆ ಇನ್ನೊಂದು. ಮಿಡ್ಲ್ ಸ್ಕೂಲಿನಲ್ಲಿ ಕಲಿತ ಲೆಕ್ಕ ಎಲ್ಲಿ ಬಂದು ಕೂತಿದೆ ನೋಡಿ. ಟೂಲ್‌ನಲ್ಲಿ ಈ ಲೆಕ್ಕವನ್ನು ನಾವು ಮಾಡಬೇಕಾಗಿಲ್ಲ. ಚೌಕದಲ್ಲಿ 84 ಎಂದು ಬರೆದು ಎಂಟರ್ ಒತ್ತಿದರೆ ಹೊಂದುವ ಗುಣಕ, ಭಾಜಕಗಳನ್ನು ತಾನೇ ಹುಡುಕುತ್ತದೆ. ಮಿತಿ ಮೀರಿದ ಚೌಕಗಳನ್ನು ಕೆಂಪಾಗಿಸುತ್ತದೆ. ಫ್ಲ್ಯಾಶ್ ಮೆಮೊರಿ ಪ್ರೊಸೆಸರಿನಷ್ಟು ಚುರುಕಲ್ಲದ್ದರಿಂದ 84ರ ವೇಗದಲ್ಲಿ ಪ್ರತಿ ಓದಿಗೂ ಎರಡು ಮಿಡಿತ ಕಾಯಬೇಕೆಂಬ ಹೊಂದಾಣಿಕೆಯನ್ನೂ ಹೇಳದೆಯೇ ಸೇರಿಸುತ್ತದೆ. ಕೈಯಿಂದ ಬರೆಯುವವರು ಇದನ್ನು ಮರೆತು ವೇಗ ಏರಿಸಿದರೆ ಪ್ರೋಗ್ರಾಮು ಎಲ್ಲೆಂದರಲ್ಲಿ ಮಗುಚಿಕೊಳ್ಳುತ್ತದೆ.

ಒಳಗಿನ ಆಂದೋಲಕ ಕೋಣೆಯ ಉಷ್ಣತೆಯಲ್ಲಿ ಶೇ 1ರಷ್ಟು ಆಚೀಚೆ ಹೋಗಬಹುದು. ಸೀರಿಯಲ್ ಸಂವಹನಕ್ಕೆ ಅಷ್ಟು ಸಾಕು. ಯುಎಸ್‌ಬಿಗೆ ಸಾಲದು, ಅದು ಸಹಿಸುವುದು ಶೇ 0.25 ಮಾತ್ರ. ಆಗ ಹೊರಗಿನ ಕ್ರಿಸ್ಟಲ್ ಬೇಕು. ಈ ನ್ಯೂಕ್ಲಿಯೊ ಬೋರ್ಡಿನಲ್ಲಿ ಮುಖ್ಯ ಚಿಪ್‌ಗೆ ಆ ಕ್ರಿಸ್ಟಲ್ಲನ್ನು ಬೆಸೆದೇ ಇಲ್ಲ. ಮೇಲಿನ ಎಸ್‌ಟಿ-ಲಿಂಕ್ ತನ್ನ 8 ಮೆಗಾಹರ್ಟ್ಸ್ ಮಿಡಿತವನ್ನು ಕೆಳಗೆ ಹರಿಸುತ್ತದೆ. ಹಾಗಾಗಿ ಟೂಲ್‌ನಲ್ಲಿ ಹೊರಗಿನ ಮೂಲಕ್ಕೆ ಕ್ರಿಸ್ಟಲ್ ಎಂದು ಆರಿಸದೆ ಬೈಪಾಸ್ ಎಂದು ಆರಿಸಬೇಕು. ಸೀಳಿನ ಜಾಗದಲ್ಲಿ ಬೋರ್ಡನ್ನು ಮುರಿದು ಕೆಳಭಾಗವನ್ನಷ್ಟೇ ಬಳಸುವವರಿಗೆ ಈ ಮೂಲ ಕೈತಪ್ಪುತ್ತದೆ. ಕ್ಲಾಕ್ ಸಿಗದಿದ್ದರೆ ಟೂಲ್ ಬರೆದ ಕೋಡು ಎರರ್ ಹ್ಯಾಂಡ್ಲರ್ ಎಂಬ ಕಡೆಗೆ ಹೋಗಿ ಅಲ್ಲೇ ಸುತ್ತುತ್ತ ಕೂರುತ್ತದೆ. ಬೋರ್ಡು ಸತ್ತಿತೆಂದು ಗಾಬರಿ ಬೀಳುವ ಮೊದಲು ಡಿಬಗ್ಗರಿನಲ್ಲಿ ನಿಲ್ಲಿಸಿ ಎಲ್ಲಿ ನಿಂತಿದೆ ಎಂದು ನೋಡಿದರೆ ಸಾಕು, ಉತ್ತರ ಅಲ್ಲೇ ಇರುತ್ತದೆ.

ಕ್ರಿಸ್ಟಲ್ ಎಷ್ಟು ಮೆಗಾಹರ್ಟ್ಸ್‌ನದು ಎಂಬುದನ್ನು ಚಿಪ್ ತಾನಾಗಿ ಅರಿಯಲಾರದು. ನಾವು ಹೇಳಿದ್ದನ್ನು ನಂಬುತ್ತದೆ. ಇದೇ ಕುಟುಂಬದ ಎಫ್4 ಡಿಸ್ಕವರಿ ಬೋರ್ಡಿನ ಮೇಲಿರುವುದು 8ರ ಕ್ರಿಸ್ಟಲ್, ಎಸ್‌ಟಿಯ ಹಳೆಯ ಲೈಬ್ರರಿ ಮೊದಲೇ ಊಹಿಸಿಕೊಂಡಿದ್ದದ್ದು 25. ಪಿಎಲ್‌ಎಲ್ ಅಂಕಿಗಳನ್ನು ಸರಿಪಡಿಸಿ ಈ ಒಂದು ಸಂಖ್ಯೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಸೆಕೆಂಡಿಗೆ 1,15,200 ಬಿಟ್ ಕಳಿಸು ಎಂದರೆ ಅದರ 25ರಲ್ಲಿ 8 ಪಾಲು, ಅಂದರೆ 36,864 ಬಿಟ್ ಹೋಗುತ್ತದೆ. ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳ ಸಾಲು. ಸೀರಿಯಲ್ ಪರದೆಯಲ್ಲಿ ಕಸ ಕಂಡಾಗ ಅನುಭವಸ್ಥರು ತಂತಿಗಿಂತ ಮೊದಲು ಕ್ಲಾಕ್ ಪುಟ ತೆರೆಯುವುದು ಇದಕ್ಕೇ.

ಇನ್ನು ಕೋಡು. ಜನರೇಟ್ ಗುಂಡಿ ಒತ್ತಿದರೆ ಹತ್ತಾರು ಕಡತಗಳ ಒಂದು ಪ್ರಾಜೆಕ್ಟ್ ಸಿದ್ಧವಾಗುತ್ತದೆ. ಅಷ್ಟೊಂದು ಕಡತ ಕಂಡು ಎದೆಗುಂದಬೇಡಿ. ಎಲ್‌ಇಡಿಯ ಮಟ್ಟಿಗೆ ತಿರುಳು ಮೂರೇ ಬರವಣಿಗೆ. ಈ ಚಿಪ್‌ನಲ್ಲಿ ಪ್ರತಿ ಘಟಕಕ್ಕೂ ಮೆಮೊರಿಯ ವಿಳಾಸಗಳಿವೆ. ಆ ವಿಳಾಸಕ್ಕೆ ಸಂಖ್ಯೆ ಬರೆದರೆ ಅದೇ ಆಜ್ಞೆ. ಹೆಕ್ಸಾಡೆಸಿಮಲ್‌ನಲ್ಲಿ 40023830 ಎಂಬ ವಿಳಾಸದ ಸೊನ್ನೆಯ ಬಿಟ್ಟನ್ನು 1 ಮಾಡಿದರೆ ಎ ಗುಂಪಿನ ಪಿನ್ನುಗಳ ತೂಬು ತೆರೆಯಿತು. 40020000 ವಿಳಾಸದ ಹತ್ತು ಮತ್ತು ಹನ್ನೊಂದನೇ ಬಿಟ್‌ಗಳಲ್ಲಿ 01 ಇಟ್ಟರೆ ಐದನೇ ಪಿನ್ನು ಔಟ್‌ಪುಟ್ ಆಯಿತು. 40020018ರಲ್ಲಿ ಐದನೇ ಬಿಟ್‌ಗೆ 1 ಬರೆದರೆ ದೀಪ ಹೊತ್ತುತ್ತದೆ, ಇಪ್ಪತ್ತೊಂದನೇ ಬಿಟ್‌ಗೆ ಬರೆದರೆ ಆರುತ್ತದೆ. ಹೊತ್ತಿಸುವುದಕ್ಕೂ ಆರಿಸುವುದಕ್ಕೂ ಬೇರೆ ಬೇರೆ ಬಿಟ್ ಇಟ್ಟದ್ದು ಜಾಣತನ. ಒಂದೇ ಬಿಟ್ ಇದ್ದಿದ್ದರೆ ಹಳೆಯ ಬೆಲೆಯನ್ನು ಓದಿ, ತಿದ್ದಿ, ಮತ್ತೆ ಬರೆಯಬೇಕಿತ್ತು. ಆ ನಡುವೆ ಇಂಟರಪ್ಟ್ (ಕೈಯಲ್ಲಿದ್ದ ಕೆಲಸ ಬಿಡಿಸಿ ಪ್ರೊಸೆಸರನ್ನು ಬೇರೆಡೆ ಕರೆಯುವ ಸಂಕೇತ) ಬಂದು ಪಕ್ಕದ ಪಿನ್ನಿನ ಬೆಲೆ ಬದಲಿಸಿದರೆ ಎಡವಟ್ಟಾಗುತ್ತಿತ್ತು.

ಟೂಲ್ ಬರೆಯುವ ಹಾಲ್ ಎಂಬ ಲೈಬ್ರರಿಯ ಕೋಡು ಇದೇ ಮೂರು ಕೆಲಸವನ್ನು ಹೆಚ್ಚು ಸಾಲುಗಳಲ್ಲಿ, ಹೆಚ್ಚು ತಪಾಸಣೆಗಳೊಡನೆ ಮಾಡುತ್ತದೆ. ದಪ್ಪ, ನಿಧಾನ ಎಂದು ಅದನ್ನು ಬೈಯುವ ಪಂಡಿತರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಕಲಿಯುವವರು ಹಾಲ್‌ನ ಒಂದು ಫಂಕ್ಷನ್ ಮೇಲೆ ಕರ್ಸರ್ ಇಟ್ಟು ಅದರೊಳಗೆ ಇಳಿದರೆ, ಒಂದೆರಡು ಮೆಟ್ಟಿಲಿಗೇ ಮೇಲೆ ಹೇಳಿದ ವಿಳಾಸಗಳು ಸಿಗುತ್ತವೆ. ಟೂಲ್‌ನಲ್ಲಿ ಒಂದು ಆಯ್ಕೆ ಬದಲಿಸುವುದು, ಮತ್ತೆ ಜನರೇಟ್ ಮಾಡುವುದು, ಯಾವ ಸಾಲು ಬದಲಾಯಿತೆಂದು ಎರಡು ಆವೃತ್ತಿಗಳನ್ನು ಹೋಲಿಸಿ ನೋಡುವುದು. ಇದಕ್ಕಿಂತ ಒಳ್ಳೆಯ ಪಾಠ ಕ್ರಮ ನನಗೆ ತಿಳಿಯದು.

ಮತ್ತೆ ಜನರೇಟ್ ಮಾಡುವಾಗ ಒಂದು ಅಪಾಯ ಇದೆ. ಟೂಲ್ ಬರೆದ ಕಡತದಲ್ಲಿ ಅಲ್ಲಲ್ಲಿ ಯೂಸರ್ ಕೋಡ್ ಬಿಗಿನ್, ಯೂಸರ್ ಕೋಡ್ ಎಂಡ್ ಎಂಬ ಟಿಪ್ಪಣಿಗಳ ಜೋಡಿ ಇರುತ್ತದೆ. ಆ ಎರಡರ ನಡುವೆ ಬರೆದದ್ದು ಉಳಿಯುತ್ತದೆ. ಅದರಾಚೆ ಒಂದು ಸಾಲು ಬರೆದಿದ್ದರೂ ಮುಂದಿನ ಸಲ ಗುಂಡಿ ಒತ್ತಿದಾಗ ಕೇಳದೆ ಹೇಳದೆ ಅಳಿಸಿಹೋಗುತ್ತದೆ.

ಇನ್ನು ಅರ್ಧ ಸೆಕೆಂಡಿನ ಎಣಿಕೆ. ಸುಲಭದ ದಾರಿ ಹಾಲ್ ಡಿಲೇ ಎಂಬ ಫಂಕ್ಷನ್. ಪ್ರೊಸೆಸರಿನೊಳಗಿನ ಸಿಸ್‌ಟಿಕ್ ಎಂಬ ಎಣಿಕೆಯಂತ್ರ ಪ್ರತಿ 84,000 ಮಿಡಿತಕ್ಕೊಮ್ಮೆ, ಅಂದರೆ ಮಿಲಿಸೆಕೆಂಡಿಗೊಮ್ಮೆ, ಇಂಟರಪ್ಟ್ ಕೊಟ್ಟು ಒಂದು ಲೆಕ್ಕವನ್ನು ಏರಿಸುತ್ತದೆ. ಆ ಲೆಕ್ಕ 500 ಮುಂದೆ ಹೋಗುವವರೆಗೆ ಡಿಲೇ ಅಲ್ಲೇ ಸುತ್ತುತ್ತದೆ. ಹೇಳಿದ್ದಕ್ಕಿಂತ ಕಡಿಮೆ ಆಗದಿರಲಿ ಎಂದು ಒಂದು ಹೆಚ್ಚುವರಿ ಎಣಿಕೆಯನ್ನೂ ಸೇರಿಸಿಕೊಳ್ಳುತ್ತದೆ. ಈ ಅರ್ಧ ಸೆಕೆಂಡಿನಲ್ಲಿ ಪ್ರೊಸೆಸರ್ 4.2 ಕೋಟಿ ಮಿಡಿತಗಳನ್ನು ಆಯಿತೇ, ಆಯಿತೇ ಎಂದು ಕೇಳುವುದರಲ್ಲೇ ಕಳೆಯುತ್ತದೆ.

ಇನ್ನೊಂದು ದಾರಿ ಇದೆ. ಪಿಎ5ರ ಮೇಲೆ ಕ್ಲಿಕ್ ಮಾಡಿದಾಗ ಕಂಡ ಪಟ್ಟಿಯಲ್ಲೇ ಅದರ ಸುಳಿವಿತ್ತು. ಆ ಕಾಲನ್ನು ಔಟ್‌ಪುಟ್ ಬದಲು ಎರಡನೇ ಟೈಮರ್‌ನ ಮೊದಲ ಚಾನೆಲ್ ಎಂದು ಆರಿಸಿ, ಪಿಡಬ್ಲ್ಯುಎಂ ಕೆಲಸಕ್ಕೆ, ಅಂದರೆ ಪ್ರತಿ ಸುತ್ತಿನಲ್ಲಿ ನಿಗದಿತ ಪಾಲು ಹೊತ್ತು ಪಿನ್ನನ್ನು ಉರಿಸುವ ಕೆಲಸಕ್ಕೆ ಹಾಕಿ. ಟೈಮರ್‌ಗೆ ಬರುವ 84 ಮೆಗಾಹರ್ಟ್ಸ್ ಅನ್ನು 8,400ರಿಂದ ಭಾಗಿಸಿದರೆ ಸೆಕೆಂಡಿಗೆ 10,000 ಎಣಿಕೆ. ಹತ್ತು ಸಾವಿರಕ್ಕೆ ಸುತ್ತು ಮುಗಿಯಲಿ, ಐದು ಸಾವಿರದವರೆಗೆ ಪಿನ್ನು ಉರಿಯಲಿ. ಟೂಲ್‌ನ ಚೌಕಗಳಲ್ಲಿ ಬರೆಯಬೇಕಾದದ್ದು ಮಾತ್ರ 8399 ಮತ್ತು 9999, ಏಕೆಂದರೆ ಎಣಿಕೆ ಸೊನ್ನೆಯಿಂದ ಶುರು. ಉರಿಯುವ ಪಾಲಿನ ಚೌಕದಲ್ಲಿ 5000 ಎಂದೇ ಇರಲಿ. ಇಲ್ಲಿ ಕ್ಲಾಕ್ ನಕ್ಷೆ ಓದಿದವರಿಗೆ ಒಂದು ಪ್ರಶ್ನೆ ಏಳಬೇಕು: ಈ ಟೈಮರ್ ಇರುವ ಎಪಿಬಿ1 ಎಂಬ ಉಪನಾಲೆಯ ಮಿತಿ 42 ಅಲ್ಲವೇ, 84 ಹೇಗೆ ಬಂತು? ಉಪನಾಲೆಯನ್ನು ಎರಡರಿಂದ ಭಾಗಿಸಿದಾಗ ಟೈಮರ್‌ಗಳಿಗೆ ಮಾತ್ರ ಅದನ್ನು ಮತ್ತೆ ಎರಡರಿಂದ ಗುಣಿಸಿ ಕೊಡುವ ಏರ್ಪಾಡು ಇದೆ. ನಕ್ಷೆಯ ಬಲ ಅಂಚಿನಲ್ಲಿ ಎಪಿಬಿ1 ಟೈಮರ್ ಎಂಬ ಪ್ರತ್ಯೇಕ ಚೌಕದಲ್ಲಿ ಇದು ಕಾಣುತ್ತದೆ. ಇದನ್ನು ಗಮನಿಸದ ಎಷ್ಟು ಮಂದಿ ದೀಪ ಎರಡು ಪಟ್ಟು ವೇಗವಾಗಿ ಮಿನುಗುವುದನ್ನು ಕಂಡು ತಲೆ ಕೆರೆದುಕೊಂಡಿದ್ದಾರೋ!

ಟೈಮರನ್ನು ಶುರು ಮಾಡುವ ಒಂದು ಸಾಲನ್ನು ಯೂಸರ್ ಕೋಡ್ ಜಾಗದಲ್ಲಿ ಸೇರಿಸಿ, ಮುಖ್ಯ ಲೂಪನ್ನು ಖಾಲಿ ಬಿಡಿ. ದೀಪ ಮಿನುಗುತ್ತದೆ. ಈಗ ಡಿಬಗ್ಗರಿನಿಂದ ಪ್ರೊಸೆಸರನ್ನು ನಿಲ್ಲಿಸಿ. ಪ್ರೋಗ್ರಾಮು ನಿಂತಿದೆ, ಒಂದು ಆಜ್ಞೆಯೂ ಮುಂದಕ್ಕೆ ಹೋಗುತ್ತಿಲ್ಲ. ದೀಪ ಮಿನುಗುತ್ತಲೇ ಇರುತ್ತದೆ. ಮೈಕ್ರೋಕಂಟ್ರೋಲರ್ ಎಂದರೆ ಒಂದು ಪ್ರೊಸೆಸರ್ ಮತ್ತು ಅದರ ಹೊರತಾಗಿಯೂ ತಮ್ಮ ಪಾಡಿಗೆ ದುಡಿಯಬಲ್ಲ ಹಲವು ಯಂತ್ರಗಳ ಕೂಟ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರಯೋಗ ಬೇರೆ ಇಲ್ಲ. ಮೋಟಾರಿನ ವೇಗ ಹಿಡಿಯುವುದು, ಎಡಿಸಿಗೆ ನಿಗದಿತ ಹೊತ್ತಿಗೆ ಎಚ್ಚರಿಕೆ ಕೊಡುವುದು ಎಲ್ಲವನ್ನೂ ಹೀಗೆ ವಹಿಸಿಕೊಟ್ಟು ಪ್ರೊಸೆಸರನ್ನು ನಿದ್ದೆಗೆ ಕಳಿಸಬಹುದು.

ನಿದ್ದೆ ಎಂದಾಗ ನೆನಪಾಯಿತು. ವಿದ್ಯುತ್ ಉಳಿಸಲೆಂದು ಬಳಸದ ಪಿನ್ನುಗಳನ್ನೆಲ್ಲ ಅನಲಾಗ್ ಸ್ಥಿತಿಗೆ ತಳ್ಳುವ ಆಯ್ಕೆ ಟೂಲ್‌ನಲ್ಲಿದೆ. ಒಳ್ಳೆಯದೇ. ಆದರೆ ಪಿಎ13 ಮತ್ತು ಪಿಎ14 ಡಿಬಗ್ಗರ್ ಒಳಬರುವ ಬಾಗಿಲು. ಡಿಬಗ್ ಸಾಲಿನಲ್ಲಿ ಸೀರಿಯಲ್ ವೈರ್ ಎಂದು ಆರಿಸದೆ ಆ ಆಯ್ಕೆ ಒತ್ತಿದರೆ ಬಾಗಿಲೂ ಮುಚ್ಚುತ್ತದೆ, ಮುಂದಿನ ಸಲ ಎಸ್‌ಟಿ-ಲಿಂಕ್ ಚಿಪ್ ಸಿಗುತ್ತಿಲ್ಲ ಎನ್ನುತ್ತದೆ. ಚಿಪ್‌ಗೆ ಏನೂ ಆಗಿರುವುದಿಲ್ಲ. ರೀಸೆಟ್ ಹಿಡಿದಿರುವಾಗಲೇ ಸಂಪರ್ಕ ಮಾಡು ಎಂಬ ಆಯ್ಕೆಯಿಂದಲೋ, ಬೂಟ್0 ಪಿನ್ನನ್ನು ಮೇಲಕ್ಕೆಳೆದು ಕಾರ್ಖಾನೆಯಲ್ಲೇ ಬರೆದ ಬೂಟ್‌ಲೋಡರನ್ನು ಎಬ್ಬಿಸಿಯೋ ಅಳಿಸಿಬಿಟ್ಟರೆ ಮತ್ತೆ ಬಾಗಿಲು ತೆರೆಯುತ್ತದೆ.

ಹೆಚ್ಚಿನ ಕಂಪನಿಗಳು ತಮ್ಮ ತಮ್ಮ ಟೂಲ್ ಇಟ್ಟುಕೊಂಡಿವೆ. ಮೈಕ್ರೋಚಿಪ್‌ನದು ಕೋಡ್ ಕಾನ್ಫಿಗರೇಟರ್, ಟೆಕ್ಸಾಸ್‌ನದು ಸಿಸ್‌ಕಾನ್ಫಿಗ್. ಶಾಂಘೈನ ಎಸ್‌ಪ್ರೆಸಿಫ್ ತನ್ನ ಇಎಸ್‌ಪಿ32ಗೆ ಲಿನಕ್ಸ್ ಕರ್ನೆಲ್ ಕಟ್ಟುವವರು ಬಳಸುವ ಮೆನುಕಾನ್ಫಿಗ್ ಪದ್ಧತಿಯನ್ನೇ ತಂದುಕೊಂಡಿದೆ. ನಮ್ಮ ಸಿ-ಡ್ಯಾಕ್ ಸಂಸ್ಥೆ ತೇಜಸ್32 ಎಂಬ ತನ್ನದೇ ರಿಸ್ಕ್-ಫೈವ್ ಚಿಪ್ ಕೂರಿಸಿ ಮಾಡಿದ ಏರೀಸ್ ಬೋರ್ಡುಗಳು ಆರ್ಡುಯಿನೊ ದಾರಿ ಹಿಡಿದಿವೆ. ಒಂದರಲ್ಲಿ ಬರೆದ ಹೊಂದಾಣಿಕೆ ಇನ್ನೊಂದಕ್ಕೆ ಹೊಂದದು, ಹಾಗೆ ಹೊಂದದಿರುವುದು ಕಂಪನಿಗಳಿಗೆ ಬೇಸರದ ವಿಷಯವೇನೂ ಅಲ್ಲ. ಜೆಫಿರ್‌ನಂಥ ಮುಕ್ತ ತಂತ್ರಾಂಶಗಳು ಡಿವೈಸ್ ಟ್ರೀ ಎಂಬ ಪಠ್ಯ ಕಡತದಲ್ಲಿ ಬೋರ್ಡಿನ ವಿವರ ಬರೆಯುವ ಕ್ರಮದಿಂದ ಈ ಗೋಡೆಯನ್ನು ತಗ್ಗಿಸಲು ನೋಡುತ್ತಿವೆ. ಅದರ ಕಲಿಕೆಯ ಏರು ಕಡಿದು. ಮೊದಲ ಬೋರ್ಡಿಗೆ ಶಿಫಾರಸು ಮಾಡಲಾರೆ.

ಉದ್ಯಮದಲ್ಲಿ ಈ ಟೂಲ್ ಹೆಚ್ಚು ಕೆಲಸಕ್ಕೆ ಬರುವುದು ಬೋರ್ಡು ಇನ್ನೂ ಹುಟ್ಟದಿರುವಾಗ. ಹೊಸ ಉಪಕರಣಕ್ಕೆ ಮೂರು ಸೀರಿಯಲ್, ಎರಡು ಐ2ಸಿ, ಐದು ಎಡಿಸಿ ಬೇಕು ಎಂದಾದರೆ ಸರ್ಕಿಟ್ ನಕ್ಷೆ ಬರೆಯುವ ಮೊದಲೇ ಅವನ್ನು ಖಾಲಿ ಚಿಪ್‌ನ ಮೇಲೆ ಹಂಚಿ ನೋಡುತ್ತಾರೆ. 64 ಕಾಲು ಸಾಲದಿದ್ದರೆ 100 ಕಾಲಿನದಕ್ಕೆ ಹೋಗಬೇಕೆಂಬುದು ಆಗಲೇ ತಿಳಿಯುತ್ತದೆ. ಪಿಸಿಬಿ ಅಚ್ಚಾದ ಮೇಲೆ ಎರಡು ತಂತಿ ಅದಲುಬದಲಾಗಿವೆ ಎಂದು ಕಾಣುವುದಕ್ಕಿಂತ ಇದು ಎಷ್ಟೋ ಅಗ್ಗ. ಹೊಂದಾಣಿಕೆಗಳೆಲ್ಲ ಕೂತಿರುವ ಐಒಸಿ ಕಡತ ಬರಿಯ ಪಠ್ಯ. ಹಾರ್ಡ್‌ವೇರ್‌ನವರೂ ಸಾಫ್ಟ್‌ವೇರ್‌ನವರೂ ಅದೊಂದನ್ನೇ ಹಂಚಿಕೊಂಡು, ಗಿಟ್‌ನಲ್ಲಿಟ್ಟು, ಯಾರು ಯಾವ ಪಿನ್ ಬದಲಿಸಿದರು ಎಂದು ನೋಡಬಹುದು. ಆದರೆ ಸ್ವಂತ ಬೋರ್ಡು ಮಾಡುವವರಿಗೆ ಟೂಲ್ ನೆನಪಿಸದ ಕೆಲವು ಕೆಲಸಗಳಿವೆ: ಪ್ರತಿ ವಿದ್ಯುತ್ ಪಿನ್ನಿನ ಪಕ್ಕದಲ್ಲಿ ಕೆಪಾಸಿಟರ್, ಒಳಗಿನ ರೆಗ್ಯುಲೇಟರ್‌ಗಾಗಿ ವಿಕ್ಯಾಪ್ ಪಿನ್ನಿಗೊಂದು ಕೆಪಾಸಿಟರ್, ಡಿಬಗ್ಗರ್ ಸಿಕ್ಕಿಸಲು ಪಿಎ13, ಪಿಎ14, ಗ್ರೌಂಡ್ ಮತ್ತು ರೀಸೆಟ್‌ಗಳನ್ನು ಹೊರತಂದ ಒಂದು ಕನೆಕ್ಟರ್, ಬೂಟ್0ನಿಂದ ಗ್ರೌಂಡ್‌ಗೆ ಒಂದು ರೆಸಿಸ್ಟರ್. ಕೊನೆಯದನ್ನು ಬಿಟ್ಟು ಪಿನ್ನನ್ನು ತೇಲಲು ಬಿಟ್ಟರೆ ಬೋರ್ಡು ಒಮ್ಮೆ ನಿಮ್ಮ ಪ್ರೋಗ್ರಾಮನ್ನು ನಡೆಸುತ್ತದೆ, ಇನ್ನೊಮ್ಮೆ ಬೂಟ್‌ಲೋಡರಿಗೆ ಹೋಗಿ ಸುಮ್ಮನೆ ಕೂರುತ್ತದೆ.